ಶಾಲು ಹೊದಿಸುವ ನಾವು ಮಾತು ಕೇಳುವುದೆಂದು?

ಹೊರನಾಡ ಕನ್ನಡಿಗರಾದ ನಮಗೆ ಸನ್ಮಾನವೆಂದರೆ ಬಲು ಪ್ರೀತಿ. ಶಾಲು, ಪೇಟ, ಹಾರ, ಫಲತಾಂಬೂಲ, ಸ್ಮರಣಿಕೆ ಎಲ್ಲವೂ ಕ್ರಮಬದ್ಧವಾಗಿ ನಡೆಯುತ್ತವೆ. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಮಾತನಾಡುತ್ತಾರೆ. ಸನ್ಮಾನಿತರಿಗೆ ಉಳಿಯುವುದು ಎರಡು ನಿಮಿಷ; ಅಷ್ಟರಲ್ಲಿ ಅವರು ಕೃತಜ್ಞತೆ ಸಲ್ಲಿಸಿ ಕುಳಿತುಕೊಳ್ಳಬೇಕು. ಯಾರನ್ನು ಗೌರವಿಸಲೆಂದು ಸೇರಿದೆವೋ ಅವರ ಬದುಕನ್ನು ಕೇಳದೆಯೇ ಊಟಕ್ಕೇಳುವ ಈ ಪದ್ಧತಿಯನ್ನು ಸಂಸ್ಕೃತಿಯ ಸೇವೆಯೆಂದು ನಾನು ಒಪ್ಪಲಾರೆ.

ನನ್ನಲ್ಲಿ ಈ ಅಸಮಾಧಾನವನ್ನು ಹುಟ್ಟಿಸಿದವರು ಮೊರೊಕ್ಕೊದ ವಿಡಿಯೋ ಕಲಾವಿದೆ ಬುಶ್ರಾ ಖಲೀಲಿ. 1975ರಲ್ಲಿ ಕಾಸಾಬ್ಲಾಂಕಾದಲ್ಲಿ ಹುಟ್ಟಿದ ಈಕೆಯ ‘ಮ್ಯಾಪಿಂಗ್ ಜರ್ನಿ ಪ್ರಾಜೆಕ್ಟ್’ ಎಂಬ ಕೃತಿಯನ್ನು 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಪ್ರದರ್ಶಿಸಿತು. ಕಚೇರಿ ಕೆಲಸದ ನಿಮಿತ್ತ ಅಲ್ಲಿಗೆ ಹೋಗಿದ್ದ ನಾನು ಒಂದು ಮಧ್ಯಾಹ್ನ ಅದರ ಮುಂದೆ ಕಳೆದೆ. 2008ರಿಂದ 2011ರವರೆಗೆ ತೆಗೆದ ಎಂಟು ಚಿತ್ರಗಳು, ಎಂಟು ತೆರೆಗಳು. ಪ್ರತಿಯೊಂದರಲ್ಲೂ ಕಾಣುವುದು ಒಂದು ಭೂಪಟ, ಒಂದು ಕೈ, ಒಂದು ಲೇಖನಿ. ಮುಖವಿಲ್ಲ, ಸಂಗೀತವಿಲ್ಲ. ಕಾಗದಪತ್ರಗಳಿಲ್ಲದೆ ದೇಶ ದೇಶಗಳನ್ನು ದಾಟಿದವನೊಬ್ಬ ತಾನು ಬಂದ ದಾರಿಯನ್ನು ಗೆರೆಯೆಳೆಯುತ್ತಾ ತನ್ನದೇ ಮಾತಿನಲ್ಲಿ ಹೇಳುತ್ತಾನೆ. ರಾಮಲ್ಲಾದ ಯುವಕನಿಗೆ ಜೆರುಸಲೇಮ್ ದೂರದ ಊರೇನಲ್ಲ. ಆದರೂ ತಪಾಸಣಾ ಠಾಣೆಗಳನ್ನು ತಪ್ಪಿಸುವ ಅವನ ಗೆರೆ ಸುತ್ತಿ ಬಳಸಿ ಸಾಗುತ್ತದೆ.

ಪರರ ಸಂಕಟವನ್ನು ಟಿಕೆಟ್ ಕೊಂಡು ನೋಡುವುದು ಸಿರಿವಂತ ದೇಶಗಳ ಚಟವೆಂದು ಕೆಲವರು ಮೂಗು ಮುರಿಯಬಹುದು. ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಗಡಿಯಲ್ಲಿ ವಲಸಿಗನನ್ನು ತಡೆಯುವ ಸಿರಿವಂತ ಜಗತ್ತೇ ಅವನ ಕಥೆಗೆ ಗೋಡೆಯನ್ನೂ ಒದಗಿಸುತ್ತದೆ. ಆದರೆ ಆ ಚಿತ್ರಗಳಲ್ಲಿ ಲೇಖನಿ ಇರುವುದು ವಲಸಿಗನ ಕೈಯಲ್ಲಿ ಎಂಬುದನ್ನು ಮರೆಯಲಾಗದು. ನಮ್ಮ ವೇದಿಕೆಗಳಲ್ಲಿ ಅದು ಯಾರ ಕೈಯಲ್ಲಿದೆ?

ಸಾಂತಾಕ್ರೂಜಿನ ನಮ್ಮ ನೆರೆಯಲ್ಲಿ ಒಬ್ಬ ಹಿರಿಯರಿದ್ದರು. ಬಾಲ್ಯದಲ್ಲಿ ಮಂಗಳೂರಿನಿಂದ ಹಡಗಿನಲ್ಲಿ ಬಂದವರು. ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತವರು. ನ್ಯೂಯಾರ್ಕಿನಿಂದ ಮರಳಿದ ನಾನು ಅವರ ಮಾತನ್ನು ಮುದ್ರಿಸಿಕೊಳ್ಳುವುದಾಗಿ ಹೇಳಿದಾಗ, ‘ಒಂದು ದಿನ ಪುರುಸೊತ್ತಿನಲ್ಲಿ ಬನ್ನಿ ಮಾರಾಯ್ರೆ, ಎಲ್ಲ ಹೇಳುತ್ತೇನೆ’ ಎಂದಿದ್ದರು. ನನಗೆ ಪುರುಸೊತ್ತಾಗಲಿಲ್ಲ. 2020ರಲ್ಲಿ ಅವರು ತೀರಿಕೊಂಡರು. ನಮ್ಮಲ್ಲಿ ಉಳಿದಿರುವುದು ಶಾಲು ಹೊದ್ದು ನಿಂತ ಅವರ ಒಂದು ಛಾಯಾಚಿತ್ರ ಮಾತ್ರ. ಚರಿತ್ರೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮೂರು ದಶಕ ಸರಕಾರಿ ಕಡತಗಳನ್ನು ಜೋಪಾನ ಮಾಡಿದ ನಾನೇ ಹೀಗೆ ನಡೆದುಕೊಂಡೆ. ಆದ್ದರಿಂದ ಈ ಟೀಕೆಯ ಮೊದಲ ಗುರಿ ನಾನೇ.

ಕಳೆದುಕೊಳ್ಳುವುದರಲ್ಲಿ ನಮಗೆ ಹಳೆಯ ಅನುಭವವಿದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಇಂದಿನ ಮಹಾರಾಷ್ಟ್ರದ ಕೊಲ್ಲಾಪುರದಲ್ಲಿ. ಆ ಅರ್ಥದಲ್ಲಿ ಅದೂ ನಮ್ಮಂತೆ ಹೊರನಾಡಿನದೇ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಮೂವತ್ತು ವರ್ಷಗಳ ಅನಂತರ. 2019ರಲ್ಲಿ ಮುಂಬಯಿಯ ಪೆಡ್ಡರ್ ರಸ್ತೆಯಲ್ಲಿ ಭಾರತೀಯ ಸಿನಿಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ತೆರೆಯಿತು. ಆದರೆ ಇಲ್ಲದ ಚಿತ್ರವನ್ನು ಯಾವ ಸಂಗ್ರಹಾಲಯ ತಾನೇ ತೋರಿಸೀತು? ಒಬ್ಬ ಕಲಾವಿದನ ಕೃತಿಗಳ ಸಮಗ್ರ ಪುನರವಲೋಕನ ನಡೆಸಬೇಕಾದರೂ ಮೊದಲು ಯಾರಾದರೂ ಅವನ್ನು ಜೋಪಾನ ಮಾಡಿರಬೇಕು.

ನಮ್ಮ ಸಾಹಿತ್ಯದ ಬಗ್ಗೆ ಈ ದೂರಿಲ್ಲ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳರಂಥವರು ಮುಂಬಯಿಯ ಬದುಕನ್ನು ಅಕ್ಷರದಲ್ಲಿ ನಿಲ್ಲಿಸಿದ್ದಾರೆ. ಆದರೆ ಹೋಟೆಲಿನ ಮಾಣಿ, ಗಿರಣಿ ಕಾರ್ಮಿಕ, ಮನೆಯಲ್ಲೇ ಹಪ್ಪಳ ಲಟ್ಟಿಸಿ ಮಕ್ಕಳನ್ನು ಓದಿಸಿದ ತಾಯಿ, ಇವರ ದನಿ ಎಲ್ಲಿದೆ? ಸಂಘಗಳ ಕಪಾಟುಗಳಲ್ಲಿ ಬೂಷ್ಟು ಹಿಡಿಯುತ್ತಿರುವ ವಿಡಿಯೋ ಕ್ಯಾಸೆಟ್ಟುಗಳಲ್ಲಿರುವುದು ಬಹುಪಾಲು ದೀಪ ಬೆಳಗಿಸಿದ ಗಣ್ಯರೇ.

ಆದುದರಿಂದ ನಮ್ಮ ಸಂಘಗಳ ಮುಂದೆ ನನ್ನದೊಂದು ಬೇಡಿಕೆಯಿದೆ. ಒಂದು ವರ್ಷ ಸನ್ಮಾನಗಳನ್ನು ನಿಲ್ಲಿಸಿ. ತಿಂಗಳಿಗೊಮ್ಮೆ ಒಬ್ಬ ಹಿರಿಯರನ್ನು ಕೂರಿಸಿ, ಎದುರಿಗೆ ಭೂಪಟವಿಟ್ಟು, ಕೈಗೆ ಲೇಖನಿ ಕೊಟ್ಟು, ಊರಿನಿಂದ ಇಲ್ಲಿಗೆ ಬಂದ ದಾರಿಯನ್ನು ಬರೆಯಲು ಹೇಳಿ. ಅವರು ತುಳುವಿನಲ್ಲೇ ಹೇಳಲಿ, ಕುಂದಾಪುರದ ಕನ್ನಡದಲ್ಲೇ ಹೇಳಲಿ, ಧಾರವಾಡದ ಮಾತಿನಲ್ಲೇ ಹೇಳಲಿ, ತಿದ್ದಬೇಡಿ. ಚಿತ್ರಿಸಲು ಮೊಬೈಲ್ ಫೋನು ಸಾಕು. ಒಂದು ಪ್ರತಿ ಸಂಘದಲ್ಲಿರಲಿ; ಇನ್ನೊಂದನ್ನು ಇಲ್ಲೇ ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಸ್ವೀಕರಿಸುವಂತೆ ಕೇಳಿಕೊಳ್ಳೋಣ.

ಇದಕ್ಕೆ ತಗಲುವ ಖರ್ಚು ಶಾಲು, ಹಾರಗಳ ಖರ್ಚಿಗಿಂತ ಕಡಿಮೆ. ಬೇಕಾದದ್ದು ಪುರುಸೊತ್ತು. ನನ್ನ ನೆರೆಯ ಹಿರಿಯರು ನನ್ನಿಂದ ಕೇಳಿದ್ದೂ ಅದನ್ನೇ.