ಸದಸ್ಯತ್ವದ ಸಹಿಯೂ ಸತ್ಯಾಣುವ್ರತವೂ

ಶ್ರಾವಕನು ಸಜ್ಜನರ ಸಂಘವನ್ನು ಸೇರುವುದರಲ್ಲಿ ದೋಷವೇನೂ ಇಲ್ಲ. ಮಳವಳ್ಳಿ, ಮದ್ದೂರು, ಮಂಡ್ಯಗಳಂಥ ಊರುಗಳ ವರ್ತಕರೂ ವಕೀಲರೂ ವೈದ್ಯರೂ ರೋಟರಿ, ಲಯನ್ಸ್ ಮುಂತಾದ ಸೇವಾಸಂಸ್ಥೆಗಳಿಗೆ ಸೇರುವುದು ಸಾಮಾನ್ಯ. ಅಲ್ಲಿ ಯಾರೂ ಸದಸ್ಯನ ದೇವರನ್ನು ವಿಚಾರಿಸುವುದಿಲ್ಲ. ಆದರೆ ಮೈಸೂರು, ಬೆಂಗಳೂರುಗಳಲ್ಲಿ ಶಾಖೆಗಳಿರುವ ಫ್ರೀಮೇಸನ್ ಸಂಘದ ಮಾತು ಬೇರೆ. ಅದರ ಬಾಗಿಲಲ್ಲಿ ಮೊದಲು ಕೇಳುವುದು ಶ್ರದ್ಧೆಯನ್ನು. ಆ ಪ್ರಶ್ನೆಗೆ ಜೈನನಾದವನು ಯೋಚಿಸದೆ ‘ಹೌದು’ ಎಂದು ಸಹಿ ಹಾಕುವುದು ಖಂಡನೀಯ.

1717ರಲ್ಲಿ ಲಂಡನ್ನಿನಲ್ಲಿ ತನ್ನ ಮೊದಲ ಗ್ರ್ಯಾಂಡ್ ಲಾಡ್ಜನ್ನು ಕಟ್ಟಿಕೊಂಡ ಈ ಸಂಘಕ್ಕೆ ಭಾರತದಲ್ಲಿ 1961ರ ನವೆಂಬರ್ 24ರಂದು ಸ್ವತಂತ್ರ ಗ್ರ್ಯಾಂಡ್ ಲಾಡ್ಜ್ ಸ್ಥಾಪಿತವಾಯಿತು. ಸೇರಬಯಸುವವನನ್ನು ಹಳೆಯ ಸದಸ್ಯರು ಸೂಚಿಸಿ ಅನುಮೋದಿಸಬೇಕು. ಬಿಳಿ, ಕಪ್ಪು ಗುಂಡುಗಳಿಂದ ಗುಪ್ತ ಮತದಾನ ನಡೆಯಬೇಕು. ಅನಂತರ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ತನ್ನ ಧರ್ಮಗ್ರಂಥದ ಮೇಲೆ ಪ್ರತಿಜ್ಞೆ ಮಾಡಬೇಕು. ಇವೆಲ್ಲಕ್ಕೂ ಮೊದಲ ನಿಬಂಧನೆ, ಪರಮ ಪುರುಷನೊಬ್ಬನಲ್ಲಿ ನಂಬಿಕೆ. ಅವನನ್ನು ಆ ಸಂಘದ ವಿಧಿಗಳು ವಿಶ್ವದ ಮಹಾಶಿಲ್ಪಿ ಎಂದು ಕರೆಯುತ್ತವೆ.

ಇದು ಬರಿಯ ಔಪಚಾರಿಕತೆ ಎಂದು ಸಮಾಧಾನ ಹೇಳುವವರಿದ್ದಾರೆ. ಇತಿಹಾಸ ಹಾಗೆ ಹೇಳುವುದಿಲ್ಲ. 1877ರಲ್ಲಿ ಫ್ರಾನ್ಸಿನ ಗ್ರ್ಯಾಂಡ್ ಓರಿಯಂಟ್ ಈ ನಿಬಂಧನೆಯನ್ನು ಕೈಬಿಟ್ಟಾಗ ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಅದರೊಡನೆ ಸಂಬಂಧವನ್ನೇ ಕಡಿದುಕೊಂಡಿತು. ಕಲ್ಕತ್ತೆಯಲ್ಲಿ ಪ್ರಸನ್ನಕುಮಾರ ದತ್ತರೆಂಬ ಹಿಂದೂ ಗೃಹಸ್ಥರು ದೀರ್ಘ ವಿವಾದದ ಬಳಿಕವೇ 1872ರಲ್ಲಿ ಪ್ರವೇಶ ಪಡೆದರು. ಕೇಳುವವರು ಇಷ್ಟು ಗಂಭೀರವಾಗಿ ಕೇಳುವಾಗ ಉತ್ತರಿಸುವವನು ಹಗುರಾಗಬಹುದೇ?

ಜಿನಶಾಸನದಲ್ಲಿ ಲೋಕವು ಅನಾದಿನಿಧನ, ಅದಕ್ಕೆ ಕರ್ತೃವಿಲ್ಲ. ಸೃಷ್ಟಿಕರ್ತೃವಾದವನ್ನು ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿಯೇ ತಮ್ಮ ಆದಿಪುರಾಣದಲ್ಲಿ ನಿರಾಕರಿಸಿದ್ದಾರೆ. ‘ಸಿದ್ಧ ಪರಮೇಷ್ಠಿಯನ್ನೇ ಪರಮ ಪುರುಷನೆಂದು ಮನಸ್ಸಿನಲ್ಲಿ ಇಟ್ಟುಕೊಂಡರಾಯಿತು’ ಎಂಬ ಜಾಣತನವೂ ನಿಲ್ಲದು. ಸಿದ್ಧನು ಏನನ್ನೂ ನಿರ್ಮಿಸಲಿಲ್ಲ. ಕೇಳುಗನು ಒಂದರ್ಥದಲ್ಲಿ ಗ್ರಹಿಸುವನೆಂದು ತಿಳಿದೂ ಬೇರೆ ಅರ್ಥದಲ್ಲಿ ನುಡಿಯುವುದು ವಂಚನೆಯೇ ಹೊರತು ಅನೇಕಾಂತವಲ್ಲ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ನಂಬದುದನ್ನು ನಂಬಿದೆನೆಂದು ಬರೆದು ಹಾಕುವ ಸಹಿ ಅದಕ್ಕೆ ಎಷ್ಟು ದೂರ?

ಸ್ವಾಮಿ ವಿವೇಕಾನಂದರು 1884ರಲ್ಲಿ ಸೇರಿದ್ದರಲ್ಲ ಎಂಬ ವಾದವೂ ಉಂಟು. ಅವರ ಶ್ರದ್ಧೆ ಅವರದು. ಕರ್ತೃವಾದವನ್ನು ಒಪ್ಪದವನಿಗೆ ಅದು ಪ್ರಮಾಣವಾಗದು.

ಹಾಗೆಂದು ಆ ಸಂಘವನ್ನು ದೂಷಿಸುವುದೂ ನ್ಯಾಯವಲ್ಲ. ಅದರ ದಾನಕಾರ್ಯಗಳು ನಿಜವಾದವು. ಗುಟ್ಟು ಕಾಯುವುದೇ ಪಾಪವೂ ಅಲ್ಲ. ಪರರ ರಹಸ್ಯವನ್ನು ಬಯಲು ಮಾಡುವುದನ್ನೇ ಅದೇ ಸೂತ್ರವು ಅತಿಚಾರವೆನ್ನುತ್ತದೆ. ಪ್ರತಿಜ್ಞೆಯೊಳಗಿನ ಘೋರ ದೇಹದಂಡನೆಯ ಮಾತುಗಳನ್ನು ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ 1986ರಲ್ಲಿ ತೆಗೆದುಹಾಕಿತು. ಆಕ್ಷೇಪಣೆ ಇರುವುದು ಸಂಘದ ಮೇಲಲ್ಲ, ಬಾಗಿಲಲ್ಲಿ ಸುಳ್ಳಾಡುವ ಶ್ರಾವಕನ ಮೇಲೆ. ಸೇರಲೇಬೇಕೆಂಬ ಆಸೆಯಿದ್ದವನು ‘ಲೋಕಕ್ಕೆ ಕರ್ತೃವಿದ್ದಾನೆಂದು ಒಪ್ಪೆನು’ ಎಂದು ಮೊದಲೇ ತಿಳಿಸಲಿ. ಅದನ್ನು ಅರಿತೂ ಸ್ವೀಕರಿಸಿದರೆ ಸಂತೋಷ. ನಿರಾಕರಿಸಿದರೆ ವ್ರತವಾದರೂ ಉಳಿಯಿತು.

ಬಸದಿಗಳ ಆಡಳಿತ ಮಂಡಲಿಗಳಿಗೂ ಇಲ್ಲಿ ಪಾಠವಿದೆ. ಆ ಲಾಡ್ಜುಗಳು ಸ್ತ್ರೀಯರನ್ನು ಸೇರಿಸುವುದಿಲ್ಲ. ಮಹಾವೀರ ಸ್ವಾಮಿಯ ಸಂಘವಾದರೋ ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ನಾಲ್ಕು ಅಂಗಗಳದು. ಅದರ ದೀಕ್ಷೆ ನಡೆಯುವುದು ಸಭೆಯ ಎದುರಿಗೆ. ಶ್ರಾವಿಕೆಯರಿಗೆ ಸ್ಥಾನ ಕೊಡದೆ, ಲೆಕ್ಕಪತ್ರಗಳನ್ನು ಸಮಾಜದ ಮುಂದಿಡದೆ, ಬೇಕಾದವರನ್ನಷ್ಟೇ ಸದಸ್ಯರನ್ನಾಗಿಸುವ ಮಂಡಲಿಯು ಪರರ ಮುಚ್ಚಿದ ಬಾಗಿಲನ್ನು ಹಳಿಯಲು ಅರ್ಹವಲ್ಲ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದ ಮೇಲೆ ಬಾಹುಬಲಿಯು ಬಯಲಿನಲ್ಲಿ, ಯಾವ ಆವರಣವೂ ಇಲ್ಲದೆ ನಿಂತಿದ್ದಾನೆ. ಅವನ ಉಪಾಸಕರಿಗೆ ಒಳಗೊಂದು ಹೊರಗೊಂದು ನುಡಿ ಒಪ್ಪುವುದಿಲ್ಲ.