ಈ ದಿನದ ಸ್ಮರಣೆ: ಏಪ್ರಿಲ್ 1

ಏಪ್ರಿಲ್ ಒಂದನೆಯ ತಾರೀಖು ಮಕ್ಕಳಿಗೆ ಮೂರ್ಖರ ದಿನದ ತಮಾಷೆ. ಬ್ಯಾಡಗಿ ಪೇಟೆಯ ವ್ಯಾಪಾರಸ್ಥರಿಗೆ ಹೊಸ ವರ್ಷದ ಲೆಕ್ಕದ ಪುಸ್ತಕ ತೆರೆಯುವ ದಿನ. ಭಾರತೀಯ ರಿಸರ್ವ್ ಬ್ಯಾಂಕು ಕಾರ್ಯಾರಂಭ ಮಾಡಿದ್ದೂ 1935ರ ಇದೇ ದಿನದಂದು. ಆದರೆ ನಮ್ಮ ಸೀಮೆಯ ಮನೆತನಗಳು ಈ ದಿನ ನೆನೆಯಬೇಕಾದ ಲೆಕ್ಕ ಬೇರೆಯೇ ಉಂಟು. ಅದು ಎರಡು ಬದುಕುಗಳ ಲೆಕ್ಕ.

ಕನಕದಾಸರ ಕಾಗಿನೆಲೆಯಿರುವ ಬ್ಯಾಡಗಿ ತಾಲೂಕಿನಲ್ಲಿಯೇ ಮೋಟೆಬೆನ್ನೂರು ಎಂಬ ಗ್ರಾಮವಿದೆ. ಮೈಲಾರ ಮಹಾದೇವಪ್ಪನವರು 1911ರ ಜೂನ್ 8ರಂದು ಜನಿಸಿದ್ದು ಇಲ್ಲಿ. 1930ರ ಮಾರ್ಚ್ 12ರಂದು ಮಹಾತ್ಮಾ ಗಾಂಧೀಜಿಯವರು ಸಾಬರಮತಿಯಿಂದ ದಂಡಿಗೆ ಕಾಲ್ನಡಿಗೆಯಲ್ಲಿ ಹೊರಟಾಗ ಅವರೊಡನೆ ಹೆಜ್ಜೆಹಾಕಿದ ಸತ್ಯಾಗ್ರಹಿಗಳಲ್ಲಿ ಏಕೈಕ ಕನ್ನಡಿಗರು ಇವರೇ. ಆಗ ಅವರ ವಯಸ್ಸು ಕೇವಲ 18. ಮುಂದೆ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ ಖಾದಿ ಹಾಗೂ ಗ್ರಾಮಸೇವೆಯಲ್ಲಿ ತೊಡಗಿದರು. ಪತ್ನಿ ಸಿದ್ದಮ್ಮನವರೂ ಪತಿಯ ಹಾದಿಯಲ್ಲಿ ನಡೆದು ಸೆರೆವಾಸ ಅನುಭವಿಸಿದರು.

1942ರ ಆಗಸ್ಟಿನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಹೊತ್ತಿಕೊಂಡಿತು. ಆಳುವ ಪರಕೀಯರ ಬಲವೆಲ್ಲ ಪ್ರಜೆಗಳು ತೆರುವ ಕಂದಾಯದಲ್ಲಿದೆ ಎಂಬುದನ್ನು ಹೋರಾಟಗಾರರು ಬಲ್ಲವರಾಗಿದ್ದರು. ಹಾವೇರಿ ಸಮೀಪದ ಹೊಸರಿತ್ತಿಯಲ್ಲಿ ರೈತರಿಂದ ವಸೂಲು ಮಾಡಿದ ಕಂದಾಯದ ಹಣವನ್ನು ಊರ ಗುಡಿಯಲ್ಲಿ ಪೊಲೀಸರ ಕಾವಲಿನಲ್ಲಿ ಇರಿಸಲಾಗಿತ್ತು. 1943ರ ಏಪ್ರಿಲ್ 1ರಂದು ಮಹಾದೇವಪ್ಪನವರ ತಂಡ ಅದನ್ನು ವಶಪಡಿಸಿಕೊಳ್ಳಲು ನುಗ್ಗಿತು. ಪೊಲೀಸರ ಗುಂಡಿಗೆ ಮಹಾದೇವಪ್ಪನವರು ಬಲಿಯಾದರು. ಅವರೊಡನೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬಿಬ್ಬರು ವೀರರೂ ಪ್ರಾಣವಿತ್ತರು. ಮಹಾದೇವಪ್ಪನವರಿಗೆ 32 ವರ್ಷ ತುಂಬಲು ಇನ್ನೂ ಎರಡು ತಿಂಗಳಿಗೂ ಹೆಚ್ಚು ಕಾಲ ಉಳಿದಿತ್ತು.

ವಾಚಕರೇ, ಈ ಮೂವರ ಹೆಸರುಗಳನ್ನು ಒಟ್ಟಿಗೆ ಓದಿ ನೋಡಿರಿ. ಮೈಲಾರ, ಮಡಿವಾಳರ, ಹಿರೇಮಠ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಣ್ಣ ಬಸವಣ್ಣನವರು ನಾನಾ ಕಾಯಕದ ಶರಣರನ್ನು ಒಂದೇ ಮಂಟಪದಲ್ಲಿ ಕುಳ್ಳಿರಿಸಿದ್ದು ನೆನಪಾಗದಿರದು. ಹೊಸರಿತ್ತಿಯ ನೆಲವು ಆ ನೆತ್ತರಲ್ಲಿ ಮನೆತನದ ಭೇದವನ್ನು ಎಣಿಸಲಿಲ್ಲ.

ಇನ್ನು ಎರಡನೆಯ ಬದುಕು. 1907ರ ಏಪ್ರಿಲ್ 1ರಂದು ಮಾಗಡಿ ತಾಲೂಕಿನ ವೀರಾಪುರದಲ್ಲಿ ಶಿವಣ್ಣ ಎಂಬ ಶಿಶು ಜನಿಸಿತು. ಇವರೇ ಮುಂದೆ ತುಮಕೂರಿನ ಶ್ರೀ ಸಿದ್ಧಗಂಗಾ ಮಠದ ಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು. ಬೆಂಗಳೂರಿನಲ್ಲಿ ಕಾಲೇಜು ವಿದ್ಯಾರ್ಥಿಯಾಗಿದ್ದ ಅವರು 1930ರ ಮಾರ್ಚ್ 3ರಂದು ವಿರಕ್ತಾಶ್ರಮವನ್ನು ಸ್ವೀಕರಿಸಿದರು.

ಈ ತಾರೀಖನ್ನು ಇನ್ನೊಮ್ಮೆ ಗಮನಿಸಬೇಕು. ಶಿವಣ್ಣನವರು ಕಾವಿ ತೊಟ್ಟ ಒಂಬತ್ತನೆಯ ದಿನಕ್ಕೆ ಮೋಟೆಬೆನ್ನೂರಿನ ತರುಣ ದಂಡಿಯ ದಾರಿ ಹಿಡಿದಿದ್ದರು. ಒಂದೇ ನಾಡಿನ ಇಬ್ಬರು ತರುಣರು, ಒಂದೇ ತಿಂಗಳಲ್ಲಿ, ಸ್ವಂತ ಸುಖವನ್ನು ಬದಿಗಿಟ್ಟು ಎರಡು ಹಾದಿಗಳಲ್ಲಿ ನಡೆದರು. ಒಬ್ಬರದು ಹದಿಮೂರು ವರ್ಷಗಳಲ್ಲಿ ಗುಂಡಿಗೆ ಎದೆಯೊಡ್ಡಿ ಮುಗಿದ ಹಾದಿ. ಇನ್ನೊಬ್ಬರದು ಎಂಬತ್ತೆಂಟು ವರ್ಷಗಳ ಕಾಲ ನಿತ್ಯವೂ ಸವೆದ ಹಾದಿ. ಹೊಸರಿತ್ತಿಯಲ್ಲಿ ಗುಂಡು ಹಾರಿದ ದಿನ ಪೂಜ್ಯರಿಗೆ ಸರಿಯಾಗಿ 36 ವರ್ಷ ತುಂಬಿತ್ತು. ಮಠದ ಹೊಣೆ ಹೆಗಲೇರಿ ಎರಡೇ ವರ್ಷವಾಗಿತ್ತು. 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ, ಜಾತಿ ಮತಗಳನ್ನು ಕೇಳದೆ, ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ನಡೆಸಿದರು.

6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕನ್ನು ನೀಡುವ ಕಾಯಿದೆಯು ದೇಶದಲ್ಲಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅಂದು ಪೂಜ್ಯರಿಗೆ 103 ತುಂಬಿತ್ತು. ಕಾಯಿದೆ ಹೇಳಿದ ಮಾತನ್ನು ಮಠಗಳ ಪ್ರಸಾದ ನಿಲಯಗಳು ಎಷ್ಟೋ ದಶಕಗಳ ಮೊದಲೇ ನಡೆಸಿ ತೋರಿಸಿದ್ದವು.

ಬದುಕಿನ ಬೆಲೆಯನ್ನು ವರ್ಷಗಳಿಂದ ಅಳೆಯುವುದು ನಮ್ಮ ರೂಢಿ. 31 ವರ್ಷ ಬಾಳಿದವರನ್ನೂ 111 ವರ್ಷ ಬಾಳಿದವರನ್ನೂ ಒಂದೇ ದಿನ ನೆನೆಯುವಾಗ ಆ ಅಳತೆ ಸಾಲದಾಗುತ್ತದೆ. ತನಗೆಂದು ಉಳಿಸಿಕೊಳ್ಳದೆ ಸಮಾಜಕ್ಕೆ ಸಲ್ಲಿಸಿದ್ದೆಷ್ಟು ಎಂಬುದೇ ಶರಣರು ಕಲಿಸಿದ ಲೆಕ್ಕ.

ಹಾವೇರಿಯ ರೈಲು ನಿಲ್ದಾಣವು ಈಗ ಮಹಾದೇವಪ್ಪನವರ ಹೆಸರನ್ನು ಹೊತ್ತಿದೆ. ಆ ಹೆಸರನ್ನು ಓದಿ ಗಾಡಿ ಹತ್ತುವ ನಮ್ಮ ಮಕ್ಕಳಿಗೆ ಅದು ಯಾರದೆಂದು ತಿಳಿದಿದೆಯೇ? ಈ ಏಪ್ರಿಲ್ ಒಂದರ ಸಂಜೆ, ಲಿಂಗಪೂಜೆ ಮುಗಿದ ಮೇಲೆ, ಮನೆಯ ಹಿರಿಯರು ಮಕ್ಕಳನ್ನು ಹತ್ತಿರ ಕರೆದು ಈ ಎರಡು ಕಥೆಗಳನ್ನು ಹೇಳಲಿ. ತಿರಕಪ್ಪ, ವೀರಯ್ಯರ ಹೆಸರುಗಳನ್ನು ಬಿಡದೆ ಹೇಳಲಿ. ಶರಣು ಶರಣಾರ್ಥಿ.