ಯಂತ್ರ ಮನೆಯದು, ಬೀಗದ ಕೈ ಯಾರದು?

ಒಂದು ಸಾಮಾನು ಹಳೆಯದಾಯಿತೆಂದು ಹೇಳುವ ಅಧಿಕಾರ ಯಾರಿಗೆ ಸಲ್ಲತಕ್ಕದ್ದು? ಒರಳುಕಲ್ಲು ಸವೆದುದು ರುಬ್ಬುವವರಿಗೆ ತಿಳಿಯುತ್ತದೆ. ಬೈಸಿಕಲ್ಲಿನ ಟೈರು ಸವೆದುದು ತುಳಿಯುವವನಿಗೆ ತಿಳಿಯುತ್ತದೆ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಈ ತೀರ್ಪು ಸಾವಿರಾರು ಮೈಲಿಗಳಾಚೆಯಿಂದ ಬರುತ್ತದೆ. 2015ರ ಜುಲೈ 29ರಂದು ಹೊರಬಂದ ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಂಗೆ ಅದರ ತಯಾರಕರು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ನೋಂದಾಯಿಸಿಕೊಂಡ ಗೃಹಸ್ಥರಿಗೆ ಮತ್ತಷ್ಟು ಕಾಲ ರಕ್ಷಣೆಯ ತಿದ್ದುಪಡಿಗಳು ದೊರೆಯುವ ಏರ್ಪಾಡೇನೋ ಆಯಿತು. ಆದರೆ ಅದು ಗಡುವನ್ನು ಮುಂದೂಡಿದಂತೆಯೇ ಹೊರತು ಪರಿಹಾರವಲ್ಲ. ಅದರ ಮುಂದಿನ ಪೀಳಿಗೆಯಾದ ವಿಂಡೋಸ್ 11 ಟಿಪಿಎಂ 2.0 ಎಂಬ ರಕ್ಷಣಾಂಗವನ್ನೂ ತಕ್ಕಷ್ಟು ಹೊಸ ಪ್ರೊಸೆಸರನ್ನೂ ಬೇಡುವುದರಿಂದ, ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಯಂತ್ರಗಳು ಅದರ ಹೊಸ್ತಿಲಲ್ಲೇ ನಿಲ್ಲಬೇಕಾಯಿತು.

ಬೆಂಬಲ ನಿಂತ ಯಂತ್ರ ಮರುದಿನವೇ ಕೆಡುವುದಿಲ್ಲ. ಆದರೆ ಬಾಗಿಲಿನ ಚಿಲಕ ಸಡಿಲವಾದರೆ ಸರಿಪಡಿಸಲು ಬಡಗಿ ಬರುವುದಿಲ್ಲ. ಅದರ ಮೂಲಕವೇ ಬ್ಯಾಂಕಿನ ವ್ಯವಹಾರ ನಡೆಸುವ ಮನೆಗೆ ಇದು ಅಲಕ್ಷಿಸತಕ್ಕ ಮಾತಲ್ಲ. ಹೀಗಿರಲು, ಸಂಸಾರವಂದಿಗರ ಮುಂದೆ ಎರಡು ದಾರಿಗಳು: ಹೊಸ ಯಂತ್ರಕ್ಕೆ ಹಣ ಹೊಂದಿಸುವುದು, ಇಲ್ಲವೆ ಇದ್ದ ಯಂತ್ರಕ್ಕೆ ಬೇರೊಂದು ವ್ಯವಸ್ಥೆಯನ್ನು ಅಳವಡಿಸುವುದು.

ಆ ಬೇರೊಂದು ವ್ಯವಸ್ಥೆಯ ಹೆಸರೇ ಲಿನಕ್ಸ್. ಅದರ ಹಿನ್ನೆಲೆ ಸ್ವಾರಸ್ಯವಾದುದು. ಕಂಪ್ಯೂಟರನ್ನು ನಡೆಸುವ ತಂತ್ರಾಂಶವನ್ನು ಓದಲು, ತಿದ್ದಲು, ಹಂಚಲು ಎಲ್ಲರಿಗೂ ಸ್ವಾತಂತ್ರ್ಯವಿರಬೇಕೆಂದು ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. ಆ ಸ್ವಾತಂತ್ರ್ಯವನ್ನು ಕಾನೂನಿನ ಭಾಷೆಯಲ್ಲಿ ಕಟ್ಟಿಕೊಡುವ ಪರವಾನಗಿ 1989ರಲ್ಲಿ ಸಿದ್ಧವಾಯಿತು. ಸಲಕರಣೆಗಳು ಅನೇಕವಾಗಿ ಕೂಡಿಬಂದರೂ ಇಡೀ ವ್ಯವಸ್ಥೆಯ ತಿರುಳು ಮಾತ್ರ ಕೈಗೂಡಿರಲಿಲ್ಲ. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ, 21 ವರ್ಷದ ಲಿನಸ್ ಟೋರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಅಂಥದೊಂದನ್ನು ಬರೆಯುತ್ತಿರುವುದಾಗಿ ಪ್ರಕಟಿಸಿದ. ಮರುವರ್ಷ ಅದನ್ನು ಆ ಪರವಾನಗಿಯಡಿಯಲ್ಲೇ ಲೋಕಕ್ಕೆ ಒಪ್ಪಿಸಿದ. ಎರಡು ಪ್ರವಾಹಗಳು ಸಂಗಮಿಸಿದವು.

ಆದರೂ ಬಹುಕಾಲ ಅದು ಪಂಡಿತರ ಸೊತ್ತಾಗಿಯೇ ಉಳಿಯಿತು. ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಬೆರಳಚ್ಚಿಸಿಯೇ ಹೆಚ್ಚಿನ ಕೆಲಸ ನಡೆಸಬೇಕಿತ್ತು. ಸಾಮಾನ್ಯರಿಗೆ ಬೇಕಾದ ಚಿತ್ರಮಯ ಡೆಸ್ಕ್‌ಟಾಪನ್ನು ಕಟ್ಟಲು ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಕ್ 1996ರ ಅಕ್ಟೋಬರಿನಲ್ಲಿ ಕೆಡಿಇ ಎಂಬ ಯೋಜನೆಗೆ ಕರೆಕೊಟ್ಟ. ಅದು ಆಧರಿಸಿದ್ದ ಕ್ಯೂಟಿ ಎಂಬ ಸಾಮಗ್ರಿಯ ಪರವಾನಗಿ ಆಗ ಪೂರ್ಣ ಮುಕ್ತವಾಗಿರಲಿಲ್ಲವೆಂಬ ಆಕ್ಷೇಪದಿಂದ, 1997ರ ಆಗಸ್ಟಿನಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಜ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಎಂಬ ಇನ್ನೊಂದನ್ನು ಆರಂಭಿಸಿದರು. 2000ದಲ್ಲಿ ಕ್ಯೂಟಿಯೂ ಮುಕ್ತವಾಯಿತು, ಜಗಳ ತಣ್ಣಗಾಯಿತು, ಡೆಸ್ಕ್‌ಟಾಪುಗಳು ಎರಡೂ ಉಳಿದವು. ಜಗಳದಿಂದ ಮನೆ ಒಡೆಯುವುದುಂಟು; ಇಲ್ಲಿ ಇನ್ನೊಂದು ಮನೆ ಎದ್ದು ಊರೇ ಬೆಳೆಯಿತು.

ವಾಚಕರಲ್ಲಿ ಹಲವರಿಗೆ ಇಲ್ಲೊಂದು ಗೊಂದಲ ಸಹಜ. ಲಿನಕ್ಸ್ ಎಂಬುದು ತಿರುಳು ಮಾತ್ರ. ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್ ಅದರ ಮೇಲಿನ ಪಡಸಾಲೆ. ಎರಡನ್ನೂ ಕಚೇರಿ ಕೆಲಸದ ಲಿಬ್ರೆಆಫೀಸ್, ಫೈರ್‌ಫಾಕ್ಸ್ ಮುಂತಾದ ತಂತ್ರಾಂಶಗಳನ್ನೂ ಕೂಡಿಸಿ ಒಂದೇ ಕಟ್ಟಿನಲ್ಲಿ ಕೊಡುವವುಗಳಿಗೆ ವಿತರಣೆಗಳೆಂದು ಹೆಸರು. 1993ರಲ್ಲಿ ಹುಟ್ಟಿದ ಡೆಬಿಯನ್, ಅದನ್ನು ಆಧರಿಸಿ 2004ರಲ್ಲಿ ಬಂದ ಉಬುಂಟು, ಅದರಿಂದ 2006ರಲ್ಲಿ ಕವಲೊಡೆದ ಲಿನಕ್ಸ್ ಮಿಂಟ್ ಪ್ರಸಿದ್ಧವಾದವು. ವಿಂಡೋಸಿನ ರೂಢಿಯಿರುವವರಿಗೆ ಮಿಂಟಿನ ವಿನ್ಯಾಸ ಹೊಸದೆನಿಸದು. ಅದಕ್ಕೆ 2 ಜಿಬಿ ರ‍್ಯಾಮ್ ಕನಿಷ್ಠ. 4 ಜಿಬಿ ಇದ್ದರೆ ನೆಮ್ಮದಿ. ಡಿಸ್ಕಿನಲ್ಲಿ ಕನಿಷ್ಠ 20 ಜಿಬಿ ಸ್ಥಳ ಬೇಕು. ಯಂತ್ರ ಮುದಿಯಾಗಿದ್ದರೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿಯನ್ನು ಆರಿಸಿಕೊಳ್ಳುವುದು ಲೇಸು.

ಅಳವಡಿಸುವ ಕ್ರಮ ಹೇಗೆ? ಮೊದಲನೆಯ ಹೆಜ್ಜೆ ಕಂಪ್ಯೂಟರಿಗೆ ಸಂಬಂಧಿಸಿದ್ದಲ್ಲ, ಮನೆಮಂದಿಗೆ ಸಂಬಂಧಿಸಿದ್ದು. ಎಲ್ಲರನ್ನೂ ಕೂಡಿಸಿಕೊಂಡು, ಆ ಯಂತ್ರದೊಳಗೆ ಯಾರದು ಏನೇನಿದೆಯೆಂದು ಕೇಳತಕ್ಕದ್ದು. ಮಗಳ ಪ್ರಾಜೆಕ್ಟ್ ವರದಿ, ಮನೆಸಾಲದ ಪತ್ರಗಳ ಪ್ರತಿ, ತಂದೆಯವರು ನಿವೃತ್ತಿಯಾದ ಮೇಲೆ ಬೆರಳಚ್ಚಿಸಿಟ್ಟ ವಂಶಾವಳಿ. “ಅಮ್ಮ, ಅಜ್ಜಿಯ ಫೋಟೋಗಳೆಲ್ಲ ಇದರಲ್ಲೇ ಇವೆಯಲ್ಲ?” ಎಂದು ಒಬ್ಬ ಹುಡುಗ ಕೇಳಿದರೆ ಸಾಕು, ಅವಸರದಿಂದ ಹೊರಟವರ ಕೈ ತಡೆಯುತ್ತದೆ. ಯಂತ್ರವನ್ನು ಅಂಗಡಿಯಲ್ಲಿ ಕೊಳ್ಳಬಹುದು; ತೀರಿಹೋದವರ ಚಿತ್ರವನ್ನು ಕೊಳ್ಳಲಾಗದು. ಆದುದರಿಂದ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ನಕಲು ಬೇರೊಂದು ಯಂತ್ರದಲ್ಲಿ ತೆರೆಯುವುದೆಂದು ಪರೀಕ್ಷಿಸಿ, ಬಳಿಕವೇ ಮುಂದುವರಿಯಬೇಕು. ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಡುವುದು ಅಗತ್ಯ.

ಎರಡನೆಯದಾಗಿ, ವಿತರಣೆಯ ಅಧಿಕೃತ ತಾಣದಿಂದ ಐಎಸ್‌ಒ ಎಂಬ ದೊಡ್ಡ ಕಡತವನ್ನು ಇಳಿಸಿಕೊಳ್ಳಬೇಕು. ಅದು ದಾರಿಯಲ್ಲಿ ಕೆಟ್ಟಿಲ್ಲವೆಂದು ತಿಳಿಯಲು ತಯಾರಕರು ಕೊಟ್ಟಿರುವ ಅಕ್ಷರ-ಅಂಕಿಗಳ ಉದ್ದನೆಯ ಮೊತ್ತದೊಡನೆ ತಾಳೆ ನೋಡಬಹುದು. ಒಂದಕ್ಷರ ಬೇರೆಯಾದರೂ ಕಡತವನ್ನು ತ್ಯಜಿಸಬೇಕು. ಅನಂತರ 8 ಜಿಬಿಯ ಒಂದು ಪೆನ್ ಡ್ರೈವಿಗೆ, ಅದಕ್ಕೆಂದೇ ಇರುವ ಎಚರ್ ಅಥವಾ ರುಫಸ್ ಎಂಬ ಸಲಕರಣೆಯಿಂದ ಆ ಕಡತವನ್ನು ಬರೆಯಬೇಕು. ಕೇವಲ ನಕಲು ಮಾಡಿದರೆ ಸಾಲದು. ಬರೆಯುವಾಗ ಪೆನ್ ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುವುದೆಂಬ ಎಚ್ಚರವೂ ಇರಲಿ.

ಮೂರನೆಯ ಹೆಜ್ಜೆಯಲ್ಲಿ ಯಂತ್ರವನ್ನು ಆರಿಸಿ, ಪೆನ್ ಡ್ರೈವ್ ಸಿಕ್ಕಿಸಿ, ಹೊತ್ತಿಸಿದೊಡನೆ ತಯಾರಕರು ಗೊತ್ತುಮಾಡಿರುವ ಗುಂಡಿಯನ್ನು ಒತ್ತಬೇಕು. ಕೆಲವು ಯಂತ್ರಗಳಲ್ಲಿ ಅದು ಎಫ್12, ಕೆಲವುಗಳಲ್ಲಿ ಎಸ್ಕೇಪ್. ಆಗ ಹೊಸ ವ್ಯವಸ್ಥೆ ಡಿಸ್ಕನ್ನು ಮುಟ್ಟದೆ ಪೆನ್ ಡ್ರೈವಿನಿಂದಲೇ ತೆರೆದುಕೊಳ್ಳುತ್ತದೆ. ಇದು ಈ ಏರ್ಪಾಡಿನ ದೊಡ್ಡ ಸೌಜನ್ಯ. ಬಾಡಿಗೆಗೆ ಬರುವ ಮುನ್ನ ನಲ್ಲಿಯಲ್ಲಿ ನೀರು ಬರುವುದೋ ಎಂದು ತಿರುಗಿಸಿ ನೋಡುವಂತೆ, ವೈಫೈ, ಧ್ವನಿ, ಪ್ರಿಂಟರ್, ಕ್ಯಾಮೆರಾ ಕೆಲಸಮಾಡುತ್ತವೆಯೋ ಎಂದು ಸಾವಧಾನವಾಗಿ ನೋಡಬಹುದು. ಮನಸ್ಸಿಗೆ ಒಪ್ಪದಿದ್ದರೆ ಪೆನ್ ಡ್ರೈವನ್ನು ತೆಗೆದರಾಯಿತು. ಹಳೆಯದು ಹಾಗೆಯೇ ಇರುತ್ತದೆ.

ಒಪ್ಪಿದರೆ, ‘ಇನ್‌ಸ್ಟಾಲ್’ ಎಂಬ ಚಿತ್ರವನ್ನು ಒತ್ತಿದಾಗ ಪ್ರಶ್ನೆಗಳು ಬರುತ್ತವೆ: ಭಾಷೆ ಯಾವುದು, ಕೀಲಿಮಣೆ ಯಾವುದು, ವೇಳೆ ಯಾವ ಊರಿನದು. ಭಾರತಕ್ಕೆಲ್ಲ ಅಲ್ಲಿ ಕೊಲ್ಕತ್ತವೇ ಪ್ರತಿನಿಧಿ. ಮೈಸೂರಿನವರು ಹುಡುಕಿ ಬೇಸರಪಡಬೇಕಾಗಿಲ್ಲ. ಇವೆಲ್ಲವೂ ಆಮೇಲೆ ತಿದ್ದಿಕೊಳ್ಳಬಹುದಾದವು. ತಿದ್ದಲಾಗದ ಪ್ರಶ್ನೆ ಒಂದೇ: ಹಳೆಯ ವ್ಯವಸ್ಥೆಯ ಪಕ್ಕದಲ್ಲಿ ಹೊಸದನ್ನು ಇರಿಸಬೇಕೆ, ಅಥವಾ ಡಿಸ್ಕನ್ನು ಪೂರ್ತಿ ಅಳಿಸಬೇಕೆ? ಮೊದಲನೆಯದನ್ನು ಆರಿಸಿದರೆ ಡಿಸ್ಕು ಪಾಲಾಗಿ, ಯಂತ್ರ ಹೊತ್ತಿದಾಗಲೆಲ್ಲ ಯಾವುದು ಬೇಕೆಂದು ಕೇಳುತ್ತದೆ. ಎರಡನೆಯದನ್ನು ಒಪ್ಪಿದರೆ ಹಿಂದಿನದು ಒಂದೂ ಉಳಿಯದು. ಮೊದಲ ಹೆಜ್ಜೆಯ ಬೆಲೆ ತಿಳಿಯುವುದು ಈ ಘಳಿಗೆಯಲ್ಲಿ. ಉತ್ತರ ಕೊಟ್ಟು, ಹೆಸರನ್ನೂ ಪಾಸ್‌ವರ್ಡನ್ನೂ ಗೊತ್ತುಮಾಡಿದರೆ, ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ.

ಕನ್ನಡಿಗರಿಗೆ ಇಲ್ಲಿ ಪರಕೀಯತೆಯಿಲ್ಲ. ಡೆಬಿಯನ್ನಿನ ಸ್ಥಾಪನಾ ಭಾಷೆಗಳಲ್ಲಿ ಕನ್ನಡವೂ ಉಂಟು. ಅದರ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಚೆಲುವಾದ ಕನ್ನಡ ಅಕ್ಷರಶೈಲಿಗಳಿವೆ. ಕನ್ನಡ ಗಣಕ ಪರಿಷತ್ತಿನ ಹೆಸರನ್ನೇ ಹೊತ್ತ ಕಗಪ ಕೀಲಿಮಣೆಯೂ ಪಟ್ಟಿಯಲ್ಲಿ ದೊರೆಯುತ್ತದೆ. ತೊಡಕು ಇರುವುದು ಹಳೆಯ ಬರೆಹಗಳಲ್ಲಿ. ಯೂನಿಕೋಡ್ ರೂಢಿಗೆ ಬರುವ ಮುಂಚೆ ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚಿಸಿದ ಕಡತಗಳು, ಆ ಅಕ್ಷರಶೈಲಿಗಳಿಲ್ಲದೆಡೆ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ತಂದೆಯವರ ವಂಶಾವಳಿ ಅಂಥದಾಗಿದ್ದರೆ, ಹಳೆಯ ವ್ಯವಸ್ಥೆ ಇರುವಾಗಲೇ ಅದನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳುವುದು ವಿವೇಕ.

ಹಾಗಾದರೆ ಇದು ಎಲ್ಲರಿಗೂ ತಕ್ಕುದೆ? ಅಲ್ಲ. ವಿಂಡೋಸಿಗಾಗಿಯೇ ಮಾಡಿದ ಲೆಕ್ಕಪತ್ರದ ತಂತ್ರಾಂಶವನ್ನೋ, ನಿರ್ದಿಷ್ಟ ವಿನ್ಯಾಸ ತಂತ್ರಾಂಶವನ್ನೋ ನಂಬಿ ಜೀವನ ನಡೆಸುವವರು ಅವಸರಪಡಬಾರದು. ಅವು ಇಲ್ಲಿ ನೇರವಾಗಿ ಓಡುವುದಿಲ್ಲ. ಪತ್ರ ಬರೆಯುವುದು, ಸುದ್ದಿ ಓದುವುದು, ಬ್ಯಾಂಕಿನ ತಾಣ ತೆರೆಯುವುದು, ಮಕ್ಕಳ ಪಾಠ, ಸಂಗೀತ, ಚಲನಚಿತ್ರ, ಇಷ್ಟೇ ಬಳಕೆಯಿರುವ ಮನೆಗೆ ಕೊರತೆ ಕಾಣದು.

ಇನ್ನೊಂದು ಮಾತು. ಮುಕ್ತವಾದುದಕ್ಕೂ ಗಡುವು ಇಲ್ಲದಿಲ್ಲ. ಉಬುಂಟುವಿನ ದೀರ್ಘಾವಧಿಯ ಆವೃತ್ತಿಗಳಿಗೂ ಅವನ್ನು ಆಧರಿಸಿದ ಮಿಂಟಿಗೂ ಸಾಮಾನ್ಯ ಬೆಂಬಲ 5 ವರ್ಷ. ಭೇದವಿಷ್ಟೆ: ಆ ಬಳಿಕದ ಆವೃತ್ತಿಗೂ ಹಣ ಕೊಡಬೇಕಾಗಿಲ್ಲ, ಅದು ಭಾರವೆನಿಸಿದರೆ ಹಗುರವಾದ ಇನ್ನೊಂದು ವಿತರಣೆಯನ್ನು ಹುಡುಕಿಕೊಳ್ಳಬಹುದು. ಅಳವಡಿಸಿದ ದಿನವೇ ಬೆಂಬಲ ಮುಗಿಯುವ ತಿಂಗಳನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಹಿಂಬದಿಗೆ ಅಂಟಿಸಿಡುವುದು ಒಳ್ಳೆಯದು. ಅಷ್ಟರಲ್ಲಿ ಇಂದು ಪಕ್ಕದಲ್ಲಿ ಕುಳಿತು ನೋಡಿದ ಮಗಳೇ ಆ ಕೆಲಸವನ್ನು ವಹಿಸಿಕೊಳ್ಳುವಷ್ಟು ದೊಡ್ಡವಳಾಗಿರುತ್ತಾಳೆ.